ಅಂದುಕೊಂಡದ್ದು ಕೇಳಿಸಿತೋ, ಕಾಣಿಸಿತೋ?

ಭಾನುವಾರ ಬೆಳಿಗ್ಗೆ ಅಮ್ಮ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಅಮ್ಮಾ, ಯೋಚನೆ ಮಾಡುವಾಗ ನಿಂಗೆ ಒಳಗೆ ಮಾತು ಕೇಳ್ಸುತ್ತಾ?" ಎಂದೆ. ಅವಳ ಕೈ ನಿಂತಿತು. "ಕೇಳ್ಸಿದ್ರೆ ನಿಮ್ಹಾನ್ಸ್‌ಗೆ ಕರ್ಕೊಂಡ್ ಹೋಗ್ಬೇಕಾಗುತ್ತೆ ಕಣೋ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ, "ಯಾಕೆ, ನಿಂಗೆ ಕೇಳ್ಸುತ್ತಾ?" ಎಂದಾಗ ಧ್ವನಿಯಲ್ಲಿ ತಮಾಷೆ ಕಡಿಮೆಯಾಗಿತ್ತು.

ನನಗೆ ಕೇಳಿಸುತ್ತದೆ. ಕೇಳಿಸುತ್ತದೆ ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಈ ಸಾಲನ್ನು ಟೈಪ್ ಮಾಡುವ ಮುಂಚೆಯೂ ಒಳಗೊಮ್ಮೆ ಆಡಿ ನೋಡಿಕೊಂಡಿದ್ದೇನೆ. ಧ್ವನಿ ನನ್ನದೇ, ಆದರೆ ನೆಗಡಿ ಬಂದ ದಿನವೂ ಅದಕ್ಕೆ ಮೂಗು ಕಟ್ಟಿರುವುದಿಲ್ಲ. ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದವನಿಗೆ ಮೊದಲ ಪೆಟ್ಟು ಬಿದ್ದದ್ದು 2020ರ ಜನವರಿಯಲ್ಲಿ. ಕೆಲವರಿಗೆ ತಲೆಯೊಳಗೆ ಮಾತು ನಡೆಯುತ್ತಲೇ ಇರುತ್ತದೆ, ಕೆಲವರಿಗೆ ಇಲ್ಲವೇ ಇಲ್ಲ ಎಂಬರ್ಥದ ಒಂದು ಟ್ವೀಟ್ ಆಗ ಜಗತ್ತನ್ನೆಲ್ಲ ಸುತ್ತಿತು. 'ಮಾತಿಲ್ಲದೆ ಹೇಗ್ರೀ ಯೋಚಿಸ್ತೀರಿ?' ಎಂದು ಒಂದು ಗುಂಪು, 'ದಿನವಿಡೀ ತಲೆಯಲ್ಲಿ ಯಾರೋ ಮಾತಾಡ್ತಾ ಇದ್ರೆ ಹೇಗ್ರೀ ಬದುಕ್ತೀರಿ?' ಎಂದು ಇನ್ನೊಂದು. ಜೊತೆಗೆ ಮೂರನೆಯ ಗುಂಪೂ ಕಾಣಿಸಿಕೊಂಡಿತು: ಪದಗಳು ಕೇಳಿಸುವುದಲ್ಲ, ಅಕ್ಷರ ರೂಪದಲ್ಲಿ ಕಣ್ಮುಂದೆ ಓಡುತ್ತವೆ ಎನ್ನುವವರು.

ಈ ಗದ್ದಲದಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆದರೂ ಅವರ ಉತ್ತರಗಳನ್ನು ಇದ್ದಕ್ಕಿದ್ದಂತೆ ನಂಬುವುದು ಕಷ್ಟ. ತಾನು ಹೇಗೆ ಯೋಚಿಸುತ್ತೇನೆ ಎಂಬುದನ್ನು ಮನುಷ್ಯ ಸಾಮಾನ್ಯವಾಗಿ ಗಮನಿಸಿಯೇ ಇರುವುದಿಲ್ಲ. ಕೇಳಿದಾಗ ಒಂದು ಕ್ಷಣ ಒಳಗೆ ಇಣುಕಿ, ಕಂಡದ್ದನ್ನು ಇಡೀ ಬದುಕಿಗೆ ಅನ್ವಯಿಸಿ ಹೇಳಿಬಿಡುತ್ತಾನೆ.

ಕೇಳಿ ನೋಡುವ ಕೆಲಸ ಶುರುವಾದದ್ದು ಇಂಗ್ಲೆಂಡಿನಲ್ಲಿ. 1880ರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಪರಿಚಯದವರಿಗೆ ಒಂದು ಪ್ರಶ್ನಾವಳಿ ಕೊಟ್ಟ. ಈ ಬೆಳಿಗ್ಗೆ ತಿಂಡಿಗೆ ಕೂತಿದ್ದ ಮೇಜನ್ನು ನೆನಪಿಸಿಕೊಳ್ಳಿ. ಚಿತ್ರ ಮಸುಕಾಗಿದೆಯೋ ನಿಚ್ಚಳವಾಗಿದೆಯೋ, ಬಣ್ಣ ಇದೆಯೋ ಇಲ್ಲವೋ? ದೊಡ್ಡ ದೊಡ್ಡ ವಿಜ್ಞಾನಿಗಳಲ್ಲೇ ಹಲವರು 'ಮನಸ್ಸಿನ ಚಿತ್ರ' ಎಂಬುದನ್ನು ಬರೀ ಅಲಂಕಾರದ ಮಾತು ಎಂದುಕೊಂಡಿದ್ದರೆಂದು ತಿಳಿದು ಗಾಲ್ಟನ್‌ಗೆ ಆಶ್ಚರ್ಯವಾಯಿತು. ಅವನ ಲೆಕ್ಕವನ್ನು ಮುಂದಿನವರು ಸುಮಾರು ನೂರು ವರ್ಷ ಮೂಲೆಗಿಟ್ಟರು. 2010ರಲ್ಲಿ ನರತಜ್ಞ ಆಡಮ್ ಝೆಮನ್, ಹೃದಯದ ಚಿಕಿತ್ಸೆಯ ನಂತರ ಮನಸ್ಸಿನ ಚಿತ್ರಗಳನ್ನೆಲ್ಲ ಕಳೆದುಕೊಂಡ ಒಬ್ಬ ವ್ಯಕ್ತಿಯ ಬಗ್ಗೆ ಬರೆದ ಮೇಲೆ, 'ನಮಗೆ ಹುಟ್ಟಿದಾಗಿನಿಂದಲೂ ಹೀಗೇ' ಎಂದು ಹಲವರು ಮುಂದೆ ಬಂದರು. 2015ರಲ್ಲಿ ಅದಕ್ಕೆ ಅಫಾಂಟೇಸಿಯಾ ಎಂಬ ಹೆಸರಾಯಿತು. ಆನಿಮೇಷನ್‌ಗೇ ಹೆಸರಾದ ಪಿಕ್ಸಾರ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್ ಕೂಡ ತನಗೆ ಕಣ್ಣು ಮುಚ್ಚಿದರೆ ಏನೂ ಕಾಣುವುದಿಲ್ಲ ಎಂದು ಹೇಳಿಕೊಂಡಿದ್ದಾರೆ.

ಬಾಯಿಮಾತಿನ ಆಚೆಗೂ ಇದಕ್ಕೆ ಪುರಾವೆಯಿದೆ. ಬೆಳಕು ಬಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದಲ್ಲ, ಉಜ್ವಲವಾದ ಆಕೃತಿಯನ್ನು ಬರೀ ಕಲ್ಪಿಸಿಕೊಂಡರೂ ಹೆಚ್ಚಿನವರಲ್ಲಿ ಅದು ತುಸು ಕಿರಿದಾಗುತ್ತದೆ. ಅಫಾಂಟೇಸಿಯಾ ಇರುವವರಲ್ಲಿ ಹಾಗೆ ಆಗುವುದಿಲ್ಲ ಎಂದು ಸಿಡ್ನಿಯ ಸಂಶೋಧಕರು 2022ರಲ್ಲಿ ತೋರಿಸಿದರು. ಪಾಪೆಯನ್ನು ಬೇಕೆಂದಂತೆ ಕುಗ್ಗಿಸಲು ಸಾಮಾನ್ಯವಾಗಿ ಯಾರಿಂದಲೂ ಆಗದು. ಹಾಗಾಗಿ ವ್ಯತ್ಯಾಸ ನಿಜ.

ಒಳಮಾತಿಗೆ ಹೀಗೆ ಇಣುಕುವ ಪಾಪೆ ಇಲ್ಲ. ಅದಕ್ಕೆ ರಸೆಲ್ ಹರ್ಲ್‌ಬರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಒಂದು ಉಪಾಯ ಹೂಡಿದರು. ಜನರ ಜೇಬಿಗೆ ಬೀಪರ್ ಹಾಕಿ ಕಳಿಸುವುದು. ಅದು ದಿನದಲ್ಲಿ ಕೆಲವು ಸಲ, ಯಾವಾಗೆಂದು ಗೊತ್ತಾಗದಂತೆ 'ಬೀಪ್' ಎನ್ನುತ್ತದೆ. ಆ ಸದ್ದಿನ ಹಿಂದಿನ ಕ್ಷಣದಲ್ಲಿ ತಲೆಯಲ್ಲಿ ಏನಿತ್ತೋ ಅಷ್ಟನ್ನೇ ಬರೆದಿಡಬೇಕು. 'ಸಾಮಾನ್ಯವಾಗಿ ಹೇಗೆ ಯೋಚಿಸ್ತೀರಿ' ಎಂಬ ಪ್ರಶ್ನೆಯೇ ಇಲ್ಲ. ಆಮೇಲೆ ಗಂಟೆಗಟ್ಟಲೆ ಕೂತು, ಒಂದೊಂದು ಕ್ಷಣವನ್ನೂ ಕೆದಕಿ ಕೇಳುವುದು: ಪದ ಇತ್ತಾ? ಯಾವ ಪದ? ಆಡಿದಿರಾ, ಕೇಳಿಸಿಕೊಂಡಿರಾ?

30 ವಿದ್ಯಾರ್ಥಿಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಳಮಾತು ಸಿಕ್ಕಿದ್ದು ಸುಮಾರು 26% ಕ್ಷಣಗಳಲ್ಲಿ. ಮನಸ್ಸಿನ ಚಿತ್ರ 34%. ಇನ್ನು 22% ಕ್ಷಣಗಳಲ್ಲಿ ಮಾತೂ ಇಲ್ಲ, ಚಿತ್ರವೂ ಇಲ್ಲ, ಆದರೂ 'ಇಂಥದ್ದನ್ನೇ ಯೋಚಿಸುತ್ತಿದ್ದೆ' ಎಂಬುದು ಖಚಿತ. ಭಾವನೆ, ಮೈಗೆ ತಟ್ಟುವ ಅನುಭವ ಬೇರೆ. ಒಂದೇ ಕ್ಷಣದಲ್ಲಿ ಎರಡು ಮೂರು ಸೇರಿರಲೂಬಹುದು. ಸರಾಸರಿಗಿಂತ ಮುಖ್ಯವಾದದ್ದು ಜನರ ನಡುವಿನ ಅಂತರ. ಕೆಲವರಲ್ಲಿ ಒಳಮಾತು ಒಂದು ಸಲವೂ ಸಿಗಲಿಲ್ಲ, ಕೆಲವರಲ್ಲಿ ನಾಲ್ಕರಲ್ಲಿ ಮೂರು ಕ್ಷಣ ಅದೇ. ಇನ್ನೊಂದು ಮಾತನ್ನು ಹರ್ಲ್‌ಬರ್ಟ್ ಮತ್ತೆ ಮತ್ತೆ ಹೇಳುತ್ತಾರೆ: 'ನಾನು ಪದಗಳಲ್ಲೇ ಯೋಚಿಸೋದು' ಎಂದು ಎದೆ ತಟ್ಟಿ ಹೇಳಿ ಬೀಪರ್ ಹಾಕಿಕೊಂಡವರಲ್ಲಿ ಎಷ್ಟೋ ಜನರಿಗೆ ಪದಗಳು ಅಪರೂಪಕ್ಕೆ ಸಿಗುತ್ತವೆ.

ನಾನೂ ಫೋನಿಗೆ ಹಾಗೊಂದು ಅಲಾರ್ಮ್ ಹಾಕಿಕೊಂಡು ನಾಲ್ಕು ದಿನ ನೋಡಿದೆ. ವಿಜ್ಞಾನ ಅಂತೇನೂ ಅಲ್ಲ, ಕುತೂಹಲಕ್ಕೆ. ಒಂದು ಬೀಪ್ ಹೊತ್ತಿಗೆ ಸ್ಕೂಟರ್ ಕೀಲಿ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದೆ. ಮಾತಿರಲಿಲ್ಲ, ಕೀಲಿಯ ಚಿತ್ರವೂ ಇರಲಿಲ್ಲ, ಬಲಗೈಗೆ ಮಾತ್ರ ಅದರ ತೂಕ ನೆನಪಿದ್ದ ಹಾಗಿತ್ತು. ಇನ್ನೊಂದು ಸಲ ಹಾಡಿನ ಒಂದೇ ಸಾಲು, ಅದೂ ಮಧ್ಯದಿಂದ. ಮತ್ತೊಮ್ಮೆ ಯಾರ ಹತ್ತಿರವೋ ಆಡಬೇಕಾದ ಜಗಳವನ್ನು ಪೂರ್ತಿ ವಾಕ್ಯಗಳಲ್ಲಿ, ಅವರ ಉತ್ತರವನ್ನೂ ನಾನೇ ಸೇರಿಸಿ ಆಡುತ್ತಿದ್ದೆ. ಸದಾ ಮಾತಾಡಿಕೊಳ್ಳುವವನು ಎಂಬ ನನ್ನ ಹೆಮ್ಮೆ ಎರಡನೇ ದಿನಕ್ಕೇ ಇಳಿಯಿತು.

ಇಲ್ಲಿ ಕನ್ನಡದ ಕ್ರಿಯಾಪದಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. 'ಅಂದುಕೊಂಡೆ' ಎನ್ನುತ್ತೇವೆ. ಅನ್ನು, ಕೊಳ್ಳು, ತನಗೆ ತಾನೇ ಹೇಳಿಕೊಳ್ಳುವುದು. 'ಅನಿಸಿತು' ಎನ್ನುತ್ತೇವೆ. ಅದೂ ಅನ್ನು ಎಂಬುದರ ಮಗುವೇ: ನಾನು ಅಂದದ್ದಲ್ಲ, ಯಾವುದೋ ನನ್ನಿಂದ ಅನ್ನಿಸಿತು. ಕರಾವಳಿಯವರು 'ಎಣಿಸಿದೆ' ಎನ್ನುತ್ತಾರೆ, ಲೆಕ್ಕ ಮಾಡಿದ ಹಾಗೆ. ಚಿತ್ರ ಬಂದರೆ 'ಕಣ್ಣಿಗೆ ಕಟ್ಟಿತು'. ಇಲ್ಲದ ತಿಂಡಿಯ ರುಚಿಯನ್ನೂ ಕಲ್ಪಿಸಿಕೊಂಡರೆ 'ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು'. ಮಾತೂ ಚಿತ್ರವೂ ಇಲ್ಲದೆ ಪೂರ್ತಿಯಾಗಿ ಬಂದು ಬಿದ್ದ ಯೋಚನೆಗೆ 'ಹೊಳೆಯಿತು'. ಹರ್ಲ್‌ಬರ್ಟ್ ಬೀಪರ್ ಹಿಡಿದು ವಿಂಗಡಿಸಿದ್ದನ್ನು ನಮ್ಮ ಆಡುಮಾತು ದಿನವೂ ವಿಂಗಡಿಸುತ್ತಿದೆ. ಆದರೆ ಒಂದನ್ನು ಗಮನಿಸಿ. ಯೋಚನೆಯ ಮಾತಿಗೆ ಕನ್ನಡ 'ಕೇಳಿಸಿಕೊಂಡೆ' ಎನ್ನುವುದಿಲ್ಲ, 'ಅಂದುಕೊಂಡೆ' ಎನ್ನುತ್ತದೆ. ಕಿವಿಯ ಪದವಲ್ಲ, ಬಾಯಿಯ ಪದ.

ಅದೇ ಸರಿ ಎಂದು ನನ್ನ ವಾದ. 'ಕೇಳುತ್ತದೋ ಕಾಣುತ್ತದೋ' ಎಂಬ ಪ್ರಶ್ನೆ ಬಾಯಿಯನ್ನೇ ಬಿಟ್ಟುಬಿಡುತ್ತದೆ.

ಮಾತಾಡುವಾಗ ಮಿದುಳು ನಾಲಿಗೆ, ತುಟಿ, ಗಂಟಲಿಗೆ ಆಜ್ಞೆ ಕಳಿಸುತ್ತದೆ. ಜೊತೆಗೆ 'ಇಂಥ ಸದ್ದು ಬರಲಿದೆ' ಎಂದು ಆ ಆಜ್ಞೆಯದೊಂದು ನಕಲನ್ನು ಕೇಳಿಸಿಕೊಳ್ಳುವ ಭಾಗಕ್ಕೂ ಮುಟ್ಟಿಸುತ್ತದೆ. ನಮ್ಮ ಧ್ವನಿಗೆ ನಾವೇ ಬೆಚ್ಚಿಬೀಳದಿರುವುದು, ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದಿರುವುದು ಇಂಥ ನಕಲುಗಳ ದೆಸೆಯಿಂದ. ಒಳಮಾತಿನಲ್ಲಿ ಆಜ್ಞೆ ಬಾಯಿಗೆ ಮುಟ್ಟುವ ಮೊದಲೇ ತಡೆಯಲ್ಪಡುತ್ತದೆ, ನಕಲು ಮಾತ್ರ ತಲುಪುತ್ತದೆ ಎಂಬುದು ಈಗ ಬಲವಾಗಿರುವ ವಿವರಣೆ. ಹಾಗಾದರೆ ಒಳಗೆ ಕೇಳಿದಂತಾಗುವುದು ಒಳಗೆ ಆಡಿದ್ದರ ನೆರಳು.

ಮಕ್ಕಳನ್ನು ನೋಡಿದರೆ ಇದು ಬೆಳೆಯುವ ಬಗೆಯೇ ಕಣ್ಣಿಗೆ ಬೀಳುತ್ತದೆ. ನಾಲ್ಕು ವರ್ಷದ ಮಗು ಆಟದ ಸಾಮಾನಿನ ಮುಂದೆ 'ಇದನ್ನ ಇಲ್ಲಿಡ್ಬೇಕು, ಅಯ್ಯೋ ಬಿತ್ತು, ಈಗ ಇದು' ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತದೆ. ಆರೇಳು ವರ್ಷಕ್ಕೆ ಅದು ಪಿಸುಗುಟ್ಟು, ಆಮೇಲೆ ಮೌನ. ಹೊರಗಿನ ಮಾತೇ ಒಳಗೆ ಇಳಿದು ಯೋಚನೆಯ ಸಲಕರಣೆಯಾಗುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ 1934ರಲ್ಲಿ ವಾದಿಸಿದ್ದು ಇದನ್ನೇ. ಜಪ ಮಾಡುವವರಿಗೆ ಈ ಮೂರು ಮೆಟ್ಟಿಲು ಹೊಸದಲ್ಲ: ಗಟ್ಟಿಯಾಗಿ ಹೇಳುವ ವಾಚಿಕ, ತುಟಿ ಮಾತ್ರ ಆಡುವ ಉಪಾಂಶು, ತುಟಿಯೂ ನಿಂತ ಮಾನಸ.

ಹಾಗೆಂದು ಯೋಚನೆ ಎಂದರೆ ಗಂಟಲಿನ ಸೂಕ್ಷ್ಮ ಚಲನೆ, ಅಷ್ಟೇ ಎಂದವರೂ ಇದ್ದರು. ಹೊರಗೆ ಕಾಣುವ ವರ್ತನೆಯನ್ನಷ್ಟೇ ನಂಬುವ ಅಮೆರಿಕದ ವರ್ತನವಾದಿ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಅದರ ಮುಂದಾಳು. 1947ರಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯ ಸ್ನಾಯುಗಳನ್ನೆಲ್ಲ ನಿಲ್ಲಿಸುವ ಕ್ಯುರಾರೆ ಮದ್ದನ್ನು ತನಗೇ ಚುಚ್ಚಿಸಿಕೊಂಡ. ಉಸಿರಾಟಕ್ಕೂ ಬೇರೆಯವರ ಸಹಾಯ ಬೇಕಾಯಿತು. ಚೇತರಿಸಿಕೊಂಡ ಮೇಲೆ, ಅಷ್ಟು ಹೊತ್ತು ಕೇಳಿದ ಪ್ರಶ್ನೆಗಳನ್ನೂ ಸುತ್ತ ನಡೆದದ್ದನ್ನೂ ವರದಿ ಮಾಡಿದ. ಬಾಯಿ ಸತ್ತಂತಿದ್ದರೂ ಯೋಚನೆ ನಿಂತಿರಲಿಲ್ಲ. ಅಂದಮೇಲೆ ಆಡುವುದು ನಡೆಯುವುದು ಬಾಯಲ್ಲಲ್ಲ, ಬಾಯಿಗೆ ಆಜ್ಞೆ ಕೊಡುವ ಜಾಗದಲ್ಲಿ.

ನೆನಪಿಟ್ಟುಕೊಳ್ಳುವ ಕೆಲಸದಲ್ಲಿ ಈ ಬಾಯಿಯ ಗುರುತು ಚೆನ್ನಾಗಿ ಮೂಡಿದೆ. 1964ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಆರ್. ಕಾನ್ರಾಡ್ ಜನರಿಗೆ ಇಂಗ್ಲಿಷ್ ಅಕ್ಷರಗಳನ್ನು ಕಣ್ಣಿಗೆ ಮಾತ್ರ ತೋರಿಸಿ ಬರೆಯಲು ಹೇಳಿದಾಗ, ವಿ ನೋಡಿದವರು ಬಿ, ಪಿ ಎಂದು ತಪ್ಪು ಬರೆಯುತ್ತಿದ್ದರು. ನೋಡಲು ಹೋಲುವ ಅಕ್ಷರವಲ್ಲ, ಆಡಲು ಹೋಲುವ ಅಕ್ಷರ. 1975ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು: ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟು ಪದ ಹೇಳಲಾಗುತ್ತದೋ ಸರಿಸುಮಾರು ಅಷ್ಟೇ ಪದ ಮನಸ್ಸಿನಲ್ಲಿ ನಿಲ್ಲುತ್ತವೆ. ಉದ್ದದ ಪದವಾದರೆ ಕಡಿಮೆ ನಿಲ್ಲುತ್ತವೆ. ವೆಲ್ಶ್ ಭಾಷೆಯ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು. ವೆಲ್ಶ್ ಮಕ್ಕಳ ಅಂಕಿ-ನೆನಪು ಕಡಿಮೆ ಕಂಡದ್ದು ಬುದ್ಧಿಯ ಕೊರತೆಯಿಂದಲ್ಲ, ಇದರಿಂದ ಎಂದು 1980ರಲ್ಲಿ ತೋರಿಸಲಾಯಿತು.

ಇದನ್ನು ಓದಿದಾಗಿನಿಂದ ನನಗೆ ಮೊಬೈಲ್ ನಂಬರ್ ಮೇಲೊಂದು ಗುಮಾನಿ. ಇಂಗ್ಲಿಷ್ ಬಾರದ ತರಕಾರಿ ಗಾಡಿಯವರೂ ನಂಬರನ್ನು 'ನೈನ್ ಡಬಲ್ ಎಯ್ಟ್ ಜೀರೋ' ಎಂದೇ ಹೇಳುತ್ತಾರೆ. 'ಒಂಬತ್ತು ಎಂಟು ಎಂಟು ಸೊನ್ನೆ' ಎಂದು ಹೇಳಿ ನೋಡಿ. ಇಂಗ್ಲಿಷಿನಲ್ಲಿ ಹೆಚ್ಚಿನ ಅಂಕಿಗಳು ಒಂದೇ ಉಸಿರಿನ ತುಂಡು. ಕನ್ನಡದಲ್ಲಿ ಎರಡು ತುಂಡಿಗಿಂತ ಕಡಿಮೆಯದು ಒಂದೂ ಇಲ್ಲ, 'ಎರಡು' ಮತ್ತು 'ಒಂಬತ್ತು' ಎನ್ನಲು ಮೂರು ತುಂಡು. ಪೆನ್ನಿಲ್ಲದೆ ಗೇಟಿನಿಂದ ಮೇಜಿನವರೆಗೆ ಹತ್ತು ಅಂಕಿಯನ್ನು ಹೊತ್ತುಕೊಂಡು ಹೋಗಬೇಕಾದವರಿಗೆ ಹಗುರವಾದದ್ದೇ ಲೇಸು. ಇದೊಂದೇ ಕಾರಣ ಎನ್ನುತ್ತಿಲ್ಲ. ಕೀಪ್ಯಾಡು, ಶಾಲೆ, ರೂಢಿ ಎಲ್ಲ ಸೇರಿವೆ. ಆದರೆ ಮಗ್ಗಿಯ ವಿಷಯಕ್ಕೆ ಬಂದರೆ ಅದೇ ಜನ ಕನ್ನಡಕ್ಕೆ ಮರಳುತ್ತಾರೆ. ಏಳನ್ನು ಎಂಟರಿಂದ ಗುಣಿಸು ಎಂದರೆ ನಾನು ಗುಣಿಸುವುದೇ ಇಲ್ಲ. 'ಏಳೆಂಟ್ಲ ಐವತ್ತಾರು' ಎಂದು ಎರಡನೇ ಕ್ಲಾಸಿನ ರಾಗದಲ್ಲಿ ಒಳಗಿನ ಬಾಯಿ ಹಾಡಿಬಿಡುತ್ತದೆ.

ಒಳಮಾತು ತೀರಾ ಕಡಿಮೆ ಇರುವವರ ಗತಿಯೇನು? ಕೋಪನ್‌ಹೇಗನ್ನಿನ ಯೊಹಾನ್ನೆ ನೆಡರ್‌ಗಾರ್ಡ್ ಮತ್ತು ಅಮೆರಿಕದ ಗ್ಯಾರಿ ಲುಪಿಯನ್ 2024ರಲ್ಲಿ ಇದಕ್ಕೆ ಅನೆಂಡೋಫೇಸಿಯಾ ಎಂದು ಹೆಸರಿಟ್ಟರು. ಒಳಮಾತು ಬಹಳ ಕಡಿಮೆ ಎಂದವರು, ಬಹಳ ಹೆಚ್ಚು ಎಂದವರು ಸೇರಿ 93 ಜನ. ಕಡಿಮೆ ಇದ್ದವರು ಪದಗಳ ಪಟ್ಟಿ ನೆನಪಿಡುವುದರಲ್ಲಿ ಹಿಂದೆ ಬಿದ್ದರು. ಎರಡು ಚಿತ್ರ ತೋರಿಸಿ 'ಇವುಗಳ ಹೆಸರಿಗೆ ಪ್ರಾಸ ಕೂಡುತ್ತದೆಯೇ' ಎಂದು ಕೇಳಿದಾಗಲೂ ಹಿಂದೆ ಬಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಜಿಗಿಯುವುದರಲ್ಲಿ ಮಾತ್ರ ಏನೂ ಕೊರತೆಯಿರಲಿಲ್ಲ. ನೆನಪಿನ ಪರೀಕ್ಷೆಯಲ್ಲಿ ಪದಗಳನ್ನು ಬಾಯಿಬಿಟ್ಟು ಹೇಳಿಕೊಂಡವರಲ್ಲಿ ಅಂತರವೇ ಮಾಯವಾಯಿತು ಎಂಬುದು ನನಗೆ ಹೆಚ್ಚು ಇಷ್ಟವಾದ ವಿವರ. ಒಳಗಿನ ಬಾಯಿ ಕೈಕೊಟ್ಟರೆ ಹೊರಗಿನದು ಇದ್ದೇ ಇದೆ. ಆದರೆ ಆ ಎರಡು ಗುಂಪು ಮಾಡಿದ್ದು ಪ್ರಶ್ನಾವಳಿಯಿಂದ. ಹರ್ಲ್‌ಬರ್ಟ್ ಬೀಪರ್ ಹಾಕಿ ನೋಡಿದ್ದರೆ ಎಷ್ಟು ಮಂದಿ ಆಚೀಚೆ ಆಗುತ್ತಿದ್ದರೋ.

ಇನ್ನು ಪದ ಕಾಣುವವರು. ಕೇಳಿದ ಪ್ರತಿ ಮಾತೂ ಕೆಲವರಿಗೆ ಮುದ್ರಿತ ಅಕ್ಷರಗಳಾಗಿ ಕಾಣುತ್ತದೆ, ಟೆಲಿಗ್ರಾಫ್ ಯಂತ್ರದಿಂದ ಬಿಚ್ಚಿಕೊಳ್ಳುವ ಕಾಗದದ ಪಟ್ಟಿಯನ್ನು ಓದಿದ ಹಾಗೆ, ಎಂದು ಗಾಲ್ಟನ್ 1883ರಲ್ಲೇ ಬರೆದಿದ್ದ. ಪ್ಯಾರಿಸ್ಸಿನ ಸಂಶೋಧಕರಾದ ಫಾಬಿಯೆನ್ ಓ ಮತ್ತು ಲೋರಾಂ ಕೊಹೆನ್ ಇಂಥ 26 ಜನರನ್ನು ವಿಚಾರಿಸಿ 2023ರಲ್ಲಿ ವಿವರಿಸಿದ್ದಾರೆ. ಟಿವಿಯ ಕೆಳಗೆ ಓಡುವ ಅಕ್ಷರಪಟ್ಟಿ ತಲೆಯೊಳಗೇ ಓಡಿದಂತೆ. ಸಂಖ್ಯೆಯಲ್ಲಿ ಇವರು ಕಡಿಮೆ.

ಮಾತು ಮಗುವಿಗೆ ತಾನಾಗಿ ಬರುತ್ತದೆ, ಅಕ್ಷರ ಬರುವುದಿಲ್ಲ. ಪದ ಕಣ್ಮುಂದೆ ಓಡಬೇಕಾದರೆ ಮೊದಲು ಓದಲು ಬರಬೇಕು. ಓದು ಕಲಿತರೆ ಮಿದುಳಿನ ದೃಷ್ಟಿಭಾಗದ ಒಂದು ತುಣುಕು ಅಕ್ಷರಗಳಿಗೆಂದೇ ಮೀಸಲಾಗುತ್ತದೆ. ದೊಡ್ಡವರಾದ ಮೇಲೆ ಕಲಿತರೂ ಈ ಬದಲಾವಣೆ ಆಗುತ್ತದೆ ಎಂದು ಬ್ರೆಜಿಲ್ ಮತ್ತು ಪೋರ್ಚುಗಲ್‌ನಲ್ಲಿ ನಡೆದ ಅಧ್ಯಯನ 2010ರಲ್ಲಿ ತೋರಿಸಿತು. 1951ರ ಜನಗಣತಿಯಲ್ಲಿ ಭಾರತದ ಸಾಕ್ಷರತೆ 18.33%. ಅಂದರೆ ನಮ್ಮ ಅಜ್ಜಿಯಂದಿರಲ್ಲಿ ಹೆಚ್ಚಿನವರಿಗೆ 'ಪದ ಕಾಣುತ್ತದಾ' ಎಂಬ ಪ್ರಶ್ನೆಗೇ ಅರ್ಥವಿರಲಿಲ್ಲ. ನನ್ನ ಅಜ್ಜಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ, ಬೀಸುವ ಪದಗಳು ಮಾತ್ರ ರಾಗಿ ಮುಗಿದರೂ ಮುಗಿಯುತ್ತಿರಲಿಲ್ಲ. ಅವಳ ಬಾಯಲ್ಲಿ 'ಪದ' ಎಂದರೆ ಹಾಡು.

ಕಿವುಡರ ಉದಾಹರಣೆ ಇದನ್ನು ಇನ್ನೂ ತಿಳಿಯಾಗಿಸುತ್ತದೆ. ಸನ್ನೆ ಭಾಷೆಯಲ್ಲೇ ಬೆಳೆದವರು ಸನ್ನೆಗಳ ಪಟ್ಟಿ ನೆನಪಿಡುವಾಗ ಮಾಡುವ ತಪ್ಪುಗಳು ಕೈಯ ಆಕಾರ, ಚಲನೆಗಳಲ್ಲಿ ಹೋಲುವ ಸನ್ನೆಗಳ ನಡುವೆ ಆಗುತ್ತವೆ ಎಂದು 1975ರಲ್ಲೇ ಕಂಡುಕೊಳ್ಳಲಾಗಿತ್ತು. ಅವರ ಒಳಮಾತು ಕೈಯಲ್ಲಿದೆ. ಯಾವ ಅಂಗದಿಂದ ಆಡುತ್ತೇವೋ ಅದರಿಂದಲೇ ಅಂದುಕೊಳ್ಳುತ್ತೇವೆ.

ಹಾಗಾದರೆ ಯೋಚನೆಯೇ ಮಾತೇ? ಸುಮಾರು ಐದನೇ ಶತಮಾನದ ಸಂಸ್ಕೃತ ವೈಯಾಕರಣ ಭರ್ತೃಹರಿ, ಶಬ್ದದ ಬೆನ್ನಿಲ್ಲದ ಅರಿವು ಲೋಕದಲ್ಲಿ ಇಲ್ಲವೇ ಇಲ್ಲ ಎಂದಿದ್ದ. ಮಾತಿಗೆ ಅವನು ಮೂರು ನೆಲೆ ಹೇಳುತ್ತಾನೆ: ಕಿವಿಗೆ ಬೀಳುವ ವೈಖರೀ, ಮನಸ್ಸಿನಲ್ಲಿ ಒಂದಾದ ಮೇಲೊಂದು ಸಾಗುವ ಮಧ್ಯಮಾ, ಹಿಂದುಮುಂದಿನ ಕ್ರಮವೇ ಇಲ್ಲದ ಪಶ್ಯಂತೀ. ಪಶ್ಯಂತೀ ಎಂದರೆ ನೋಡುತ್ತಿರುವವಳು. ಒಳಮಾತನ್ನು ಇಷ್ಟು ನಾಜೂಕಾಗಿ ಬಿಡಿಸಿಟ್ಟವರು ಕಡಿಮೆ. ಇದನ್ನು ಹಿಡಿದುಕೊಂಡು 'ಎಲ್ಲಾ ನಮ್ಮಲ್ಲೇ ಇತ್ತು' ಎಂದು ಹೊರಡುವವರಿಗೆ ಮಾತ್ರ ಒಂದು ಕಿವಿಮಾತು: ಈಗಿನ ನರವಿಜ್ಞಾನ ಭರ್ತೃಹರಿಯ ಮುಖ್ಯ ವಾದಕ್ಕೇ ಎದುರಾಗಿ ನಿಂತಿದೆ. ಮಿದುಳಿಗೆ ಹಾನಿಯಾಗಿ ವ್ಯಾಕರಣವನ್ನೇ ಕಳೆದುಕೊಂಡ ಮೂವರನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ ವರದಿ 2005ರಲ್ಲಿ ಬಂತು. ಸಿಂಹ ಮನುಷ್ಯನನ್ನು ಕೊಂದದ್ದೋ ಮನುಷ್ಯ ಸಿಂಹವನ್ನು ಕೊಂದದ್ದೋ ಎಂದು ವಾಕ್ಯದಿಂದ ತಿಳಿಯಲಾರದವರು, 59ರಲ್ಲಿ 13 ಕಳೆಯುವುದಕ್ಕೂ 13ರಲ್ಲಿ 59 ಕಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಸಲೀಸಾಗಿ ತೋರಿಸಿದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನರವಿಜ್ಞಾನಿ ಎವೆಲಿನಾ ಫೆಡೊರೆಂಕೊ ಮತ್ತು ಸಂಗಡಿಗರು 2024ರಲ್ಲಿ ಇಂಥ ಪುರಾವೆಗಳನ್ನು ಒಟ್ಟುಗೂಡಿಸಿ, ಭಾಷೆ ಮುಖ್ಯವಾಗಿ ಹೇಳಲು ಇರುವ ಸಾಧನ, ಯೋಚಿಸಲು ಅಲ್ಲ ಎಂದು ವಾದಿಸಿದರು.

ಅಷ್ಟು ದೂರ ಹೋಗುವುದೂ ಬೇಡ. ಯಾರದೋ ಹೆಸರು 'ನಾಲಿಗೆ ತುದೀಲಿದೆ' ಎಂದು ಒದ್ದಾಡುತ್ತೇವೆ. ಪಕ್ಕದವರು 'ರಮೇಶಾ?' ಎಂದರೆ ತಕ್ಷಣ 'ಅಲ್ಲ ಅಲ್ಲ' ಎನ್ನುತ್ತೇವೆ. ಪದ ಬಂದಿಲ್ಲ, ಆದರೆ ಯಾವುದು ಅಲ್ಲ ಎಂಬುದು ಗೊತ್ತು. ಯೋಚನೆ ಅಲ್ಲಿ ಮಾತಿಗಿಂತ ಮುಂಚೆಯೇ ಬಂದು ಕೂತಿದೆ.

ಇಷ್ಟೆಲ್ಲ ಇರುವಾಗ ಮಕ್ಕಳನ್ನು 'ನೋಡಿ ಕಲಿಯುವವನು', 'ಕೇಳಿ ಕಲಿಯುವವಳು' ಎಂದು ವಿಂಗಡಿಸುವ ವ್ಯಾಪಾರ ಸಿಟ್ಟು ತರಿಸುತ್ತದೆ. ಬೆರಳಚ್ಚು ತೆಗೆದುಕೊಂಡು, ಬಣ್ಣದ ಪಟ್ಟಿಗಳಿರುವ ದಪ್ಪ ವರದಿಯಲ್ಲಿ 'ನಿಮ್ಮ ಮಗು ವಿಷುವಲ್ ಲರ್ನರ್' ಎಂದು ಬರೆದುಕೊಟ್ಟು ದುಡ್ಡು ಕಟ್ಟಿಸಿಕೊಳ್ಳುವವರಿದ್ದಾರೆ. ಕಲಿಕೆಯ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸರಿಯಾದ ಆಧಾರವಿಲ್ಲ ಎಂದು ಹೆರಾಲ್ಡ್ ಪಾಷ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲೇ ಅಧ್ಯಯನಗಳನ್ನೆಲ್ಲ ಸೋಸಿ ಹೇಳಿದ್ದಾರೆ. ದೊಡ್ಡವರಿಗೇ ತಮ್ಮ ತಲೆಯೊಳಗಿನದು ನೆಟ್ಟಗೆ ಗೊತ್ತಾಗದಿರುವಾಗ, ಬೆರಳಿನ ಗೆರೆಗೆ ಗೊತ್ತಾಗುವುದೆಲ್ಲಿಂದ ಬಂತು?

ನಿಜವಾದ ವ್ಯವಹಾರ ಬೇರೆ ಕಡೆ ನಡೆಯುತ್ತಿದೆ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು, ಮಾತು ಕಷ್ಟವಾದ ನಾಲ್ವರು ರೋಗಿಗಳ ಒಳಮಾತನ್ನು ಮಿದುಳಿನಲ್ಲಿಟ್ಟ ಎಲೆಕ್ಟ್ರೋಡ್‌ಗಳಿಂದ ಓದಿದ್ದಾಗಿ ಪ್ರಕಟಿಸಿತು. 1,25,000 ಪದಗಳ ಭಂಡಾರದಿಂದ, ಹೆಚ್ಚೆಂದರೆ 74% ನಿಖರತೆ. ಎಲೆಕ್ಟ್ರೋಡ್ ಇದ್ದದ್ದು ಎಲ್ಲಿ? ಕೇಳಿಸಿಕೊಳ್ಳುವ ಭಾಗದಲ್ಲಲ್ಲ, ನಾಲಿಗೆ ತುಟಿಗಳಿಗೆ ಆಜ್ಞೆ ಕೊಡುವ ಭಾಗದಲ್ಲಿ. ತೆರೆಯ ಮೇಲಿನ ಆಕಾರಗಳನ್ನು ಎಣಿಸಲು ಹೇಳಿದಾಗ, ಒಳಗೆ ಮಾತಾಡಿಕೊಳ್ಳಿ ಎಂದು ಹೇಳದಿದ್ದರೂ ಅಂಕಿಗಳ ಸುಳಿವು ಯಂತ್ರಕ್ಕೆ ಸಿಕ್ಕಿತು. ಮನಸ್ಸಿಗೆ ಬಂದದ್ದನ್ನು ಯೋಚಿಸಿ ಎಂದಾಗ ಮಾತ್ರ ಹೊರಬಂದದ್ದು ಬಹುಪಾಲು ತಲೆಬುಡವಿಲ್ಲದ ಪದಗಳು. ಅಂದುಕೊಂಡದ್ದು ಸಿಗುತ್ತದೆ, ಹೊಳೆದದ್ದು ಸಿಗುವುದಿಲ್ಲ. ಹೇಳಬಾರದೆಂದು ಒಳಗೇ ಇಟ್ಟುಕೊಂಡದ್ದು ಸೋರದಿರಲಿ ಎಂದು ಆ ತಂಡವೇ ಒಂದು ಬೀಗವನ್ನೂ ಮಾಡಿದೆ: ಗೊತ್ತುಪಡಿಸಿದ ನುಡಿಯನ್ನು ಮನಸ್ಸಿನಲ್ಲಿ ಹೇಳಿಕೊಂಡರಷ್ಟೇ ಯಂತ್ರ ಕಿವಿ ತೆರೆಯುತ್ತದೆ. ಮಿದುಳಿನ ಮಾಹಿತಿಗೆ ಸಂವಿಧಾನದಲ್ಲೇ ರಕ್ಷಣೆ ಬರೆದುಕೊಂಡ ಮೊದಲ ದೇಶ ಚಿಲಿ, 2021ರಲ್ಲಿ.

ಅಮ್ಮನ ನಿಮ್ಹಾನ್ಸ್ ತಮಾಷೆಗೂ ಉತ್ತರ ಕೊಡಬೇಕಲ್ಲ. ತಾನೇ ಆಡಿದ್ದು ಎಂಬ ಮೊಹರು ಒಳಮಾತಿನ ಮೇಲೆ ಬೀಳದೆ ಹೋದರೆ ಅದು ಬೇರೆಯವರ ಧ್ವನಿಯಂತೆ ಕೇಳಬಹುದು ಎಂಬುದು ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ ಕೇಳುವ ಧ್ವನಿಗಳ ಬಗ್ಗೆ ಇರುವ ಒಂದು ಮುಖ್ಯ ವಿವರಣೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ತಂಡ ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ, ನಮ್ಮ ಚೆನ್ನೈಗಳಲ್ಲಿ ತಲಾ 20 ರೋಗಿಗಳನ್ನು ಮಾತಾಡಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಮೆರಿಕದವರಿಗೆ ಕೇಳುತ್ತಿದ್ದದ್ದು ಹೆಚ್ಚಾಗಿ ಅಪರಿಚಿತರ ಹಿಂಸೆಯ ಮಾತು. ಚೆನ್ನೈನವರಲ್ಲಿ ಅನೇಕರಿಗೆ ಮನೆಯ ಹಿರಿಯರ ಧ್ವನಿ, ಅದೂ ಬೈಯುತ್ತಾ ಮನೆಗೆಲಸ ಹೇಳುವ ಧ್ವನಿ.

ಇದನ್ನೆಲ್ಲ ಅಮ್ಮನಿಗೆ ಒಪ್ಪಿಸಲು ಅಡುಗೆಮನೆಗೆ ಹೋದೆ. ಬೇಳೆ ಕುಕ್ಕರಿನಲ್ಲಿತ್ತು, ಅವಳು ಕಟ್ಟೆಗೆ ಒರಗಿ ನಿಂತಿದ್ದಳು. ಬೀಪರ್, ಚೆನ್ನೈ, ಸ್ಟ್ಯಾನ್‌ಫರ್ಡ್ ಎಂದು ನಾನು ಶುರುಹಚ್ಚಿಕೊಂಡೆ. ಕುಕ್ಕರ್ ಕೂಗಿತು. ಅವಳು ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದಳು, ತುಟಿ ಸಣ್ಣಗೆ ಆಡಿತು, ನಿಂತಿತು.

"ನಿನ್ ಮಾತು ಕೇಳ್ಕೊಂಡು ಲೆಕ್ಕ ತಪ್ಪೋಯ್ತು" ಎಂದಳು. "ಮೂರೋ, ನಾಲ್ಕೋ?"

ನನಗೂ ಗೊತ್ತಿರಲಿಲ್ಲ.